ತೋಳಿನ ಅಳತೆ

ತೊಳೆದು ಒಣಗಿಸಿದ ಆಸ್ಪತ್ರೆಯ ಜಾಕೆಟ್ಟಿನ ತೋಳನ್ನು ಟೈಲರಮ್ಮ ಒಳಮಗ್ಗುಲು ಹೊರಗೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಾಗ ಹೊಲಿಗೆಯ ಗೆರೆ ಕಂಡಿತು. ಕಂಕುಳಿನಿಂದ ಮೊಣಕೈವರೆಗೆ ಒಂದೇ ನೇರ. ಹೆಬ್ಬೆರಳಿನಿಂದ ಸವರಿದಳು. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು; ಬಿಟ್ಟ ಕೂಡಲೇ ಅದು ಮೊದಲಿನಷ್ಟೇ ಕಿರಿದಾಗಿ ಮುದುಡಿಕೊಂಡಿತು. ಇಂಥ ತೋಳನ್ನು ತಾನು ಹೊಲಿದು ಕೊಟ್ಟಿದ್ದರೆ ಗಿರಾಕಿ ಅದನ್ನು ಮುಖಕ್ಕೆ ಬಿಸಾಕಿ ಹೋಗುತ್ತಿದ್ದಳು ಎಂದುಕೊಂಡಳು.

ಒಳಕೋಣೆಯಿಂದ ಮಗಳ ದನಿ ಬಂತು. ಕೂಗಿದ್ದಲ್ಲ, ಮಧ್ಯಾಹ್ನದ ಜೊಂಪಿನಲ್ಲಿ ಮಗ್ಗುಲು ಬದಲಿಸಲಾಗದೆ ನರಳಿದ್ದು. ಅದನ್ನು ಕೇಳಿದ ಮೇಲೆ ಟೈಲರಮ್ಮ ಹೆಚ್ಚು ಯೋಚಿಸಲಿಲ್ಲ. ಮಷೀನಿನ ಡ್ರಾಯರಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ತೆಗೆದಳು.

ಮಗಳ ಎರಡೂ ತೋಳಿನಿಂದ ಕೊಬ್ಬು ತೆಗೆಯುವ ಆಪರೇಷನ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಲಿಪೆಡಿಮಾ ಎಂದು ಡಾಕ್ಟರು ಹೇಳಿದ ಹೆಸರು ಟೈಲರಮ್ಮನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಮನೆತನದ ತೋಳು. ಅವಳ ಅಮ್ಮನಿಗಿತ್ತು, ಅವಳಿಗೆ ಬಂತು, ಅವಳಿಂದ ಮಗಳಿಗೆ ಹೋಯಿತು. ಭುಜದಿಂದ ಇಳಿದು ಮಣಿಕಟ್ಟಿನವರೆಗೂ ದಪ್ಪ, ಅಲ್ಲಿ ದಾರ ಕಟ್ಟಿದಂತೆ ತಟ್ಟನೆ ನಿಂತು ಮುಂದೆ ಪುಟ್ಟ ಅಂಗೈ. ಒತ್ತಿದರೆ ನೋವು, ಬಾಗಿಲಿಗೆ ತಾಗಿದರೆ ನೀಲಿ. ಉಪವಾಸ ಬಿದ್ದರೆ ಮುಖ ಒಣಗುತ್ತಿತ್ತೇ ಹೊರತು ತೋಳು ಜಪ್ಪಯ್ಯ ಅಂದರೂ ಕರಗುತ್ತಿರಲಿಲ್ಲ. ಆದರೂ ಕಂಡವರೆಲ್ಲ ತಿನ್ನೋದು ಕಡಿಮೆ ಮಾಡು ಎಂದರು. ಟೈಲರಮ್ಮನೂ ಮಗಳಿಗೆ ಅದನ್ನೇ ಹೇಳುತ್ತ ಬಂದವಳು.

ಮಗಳ ಹೊಟ್ಟೆಪಾಡು ನಿಂತಿದ್ದೇ ಆ ತೋಳಿನ ಮೇಲೆ. ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಬೆಳಗಿನಿಂದ ಸಂಜೆವರೆಗೆ ಕೈ ಎತ್ತಿಕೊಂಡೇ ಇರಬೇಕು. ಕಳೆದ ವರ್ಷ ಡ್ರೈಯರ್ ಹಿಡಿದ ಕೈ ಸೋತು ಗಿರಾಕಿಯ ನೆತ್ತಿಯ ಮೇಲೇ ಊರಿ ನಿಂತುಬಿಟ್ಟಿದ್ದಳು. ಪಾರ್ಲರಿನ ಒಡತಿ ಒಳ್ಳೆಯವಳೇ, ನಿನ್ನ ಕುರ್ಚಿ ಯಾರಿಗೂ ಕೊಡುವುದಿಲ್ಲ, ಗುಣವಾಗಿ ಬಾ ಎಂದಿದ್ದಳು. ಆದರೆ ಖಾಲಿ ಕುರ್ಚಿಯನ್ನು ಯಾರಾದರೂ ಎಷ್ಟು ದಿನ ಖಾಲಿ ಇಟ್ಟಾರು? ಈ ಆಪರೇಷನ್ನೂ ಕೈಕೊಟ್ಟರೆ ಕತ್ತರಿ ಕೆಳಗಿಡುವುದೇ ಸೈ ಎಂದು ಮಗಳು ಆಸ್ಪತ್ರೆಗೆ ಹೊರಡುವಾಗ ಹೇಳಿದ್ದು ಟೈಲರಮ್ಮನ ಎದೆಯಲ್ಲಿ ಕೂತಿತ್ತು.

ಹಾಗಾಗಿ ಮನೆಯಲ್ಲಿ ತಯಾರಿ ಜೋರಾಗಿತ್ತು. ಅಳಿಯ ಕೊರಿಯರ್ ವ್ಯಾನ್ ಓಡಿಸುವವನು. ಊರವರ ಮನೆಗೆಲ್ಲ ಪೆಟ್ಟಿಗೆ ಹಂಚುವ ಆತ ಈ ಸಲ ತನ್ನ ಮನೆಗೇ ಒಂದಾದ ಮೇಲೊಂದು ತಂದು ಹಾಕಿದ. ಗಾಯದಿಂದ ನೀರು ಜಿನುಗುತ್ತದಂತೆ, ಅದನ್ನು ಹೀರುವ ಪ್ಯಾಡುಗಳು. ಹಾಸಿಗೆ ನೆನೆಯದಂತೆ ಪ್ಲಾಸ್ಟಿಕ್ ಹಾಳೆ. ಕೈ ಎತ್ತದೆ ನೀರು ಕುಡಿಯಲು ಬಗ್ಗುವ ಸ್ಟ್ರಾಗಳ ಕಟ್ಟು. ಉದ್ದ ಹಿಡಿಯ ಬಾಚಣಿಗೆ ಒಂದು ಬಂತು. ಬೆನ್ನು ಕೆರೆದುಕೊಳ್ಳುವ ಕೋಲೂ ಬಂದಾಗ, ಇದು ಯಾರಿಗೆ ಎಂದು ಟೈಲರಮ್ಮ ಕೇಳಿದಳು. ಅವಳಿಗೆ ಬೇಡವಾದರೆ ನನಗಿರಲಿ ಅತ್ತೆ ಎಂದ ಅಳಿಯ.

ಟೈಲರಮ್ಮನೂ ಸುಮ್ಮನೆ ಕೂತಿರಲಿಲ್ಲ. ತೋಳು ಎತ್ತದೆ ಹಾಕುವಂಥ ಅಂಗಿ ಹೊಲಿದಳು: ಮುಂದೆ ಪೂರ್ತಿ ತೆರೆಯುತ್ತದೆ, ತೋಳೂ ಕತ್ತಿನಿಂದ ಮಣಿಕಟ್ಟಿನವರೆಗೆ ತೆರೆಯುತ್ತದೆ, ಹೊದಿಸಿ ಒತ್ತುಗುಂಡಿ ಹಾಕಿದರೆ ಮುಗಿಯಿತು. ತೋಳನ್ನು ಎತ್ತರದಲ್ಲಿ ಇಡಲು ದಿಂಬು ಬೇಕೆಂದಾಗ ಅಂಗಡಿಯ ಚಿಂದಿಯನ್ನೆಲ್ಲ ತುಂಬಿ ಎರಡು ಇಳಿಜಾರು ದಿಂಬು ಮಾಡಿದಳು. ಮನೆಗೆ ಬಂದು ಡ್ರೆಸಿಂಗ್ ನೋಡಿ ಹೋಗುವ ನರ್ಸ್ ಆ ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದು ಪ್ರತಿ ಪೇಷಂಟಿಗೂ ಬೇಕು ಎಂದಿದ್ದಳು. ಟೈಲರಮ್ಮ ಅವತ್ತೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಅವಳಿಗೆ ಹಿಡಿಸದಿದ್ದದ್ದು ಒಂದೇ, ಆಸ್ಪತ್ರೆಯವರು ಕೊಟ್ಟ ಬಿಗಿ ಜಾಕೆಟ್. ಎದೆಯಿಂದ ಮಣಿಕಟ್ಟಿನವರೆಗೆ ಚರ್ಮಕ್ಕೆ ಚರ್ಮದಂತೆ ಅಂಟಿ ಹಿಡಿಯುವ ರಬ್ಬರು ನೇಯ್ಗೆಯ ಬಟ್ಟೆ. ಹಗಲೂ ರಾತ್ರಿ ಮೈಮೇಲಿರಬೇಕು. ಒಂದನ್ನು ತೊಳೆದಾಗ ಹಾಕಲು ಇನ್ನೊಂದು. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ ಎಂದು ನರ್ಸ್ ಹೇಳಿದ್ದಳು. ಬಿಗಿಯಾದ ತೋಳು ಅಂದರೆ ಏನು ಎಂಬುದು ಆ ನರ್ಸಿಗಿಂತ ತನಗೆ ಚೆನ್ನಾಗಿ ಗೊತ್ತು ಎಂದು ಟೈಲರಮ್ಮ ಒಳಗೊಳಗೇ ಅಂದುಕೊಂಡಳು. ಹುಡುಗಿಯಾಗಿದ್ದಾಗ ಅಕ್ಕನ ಮದುವೆಗೆಂದು ಹೊಲಿಸಿದ ಅಂಗಿಯ ತೋಳು ಏರಿದ್ದು ಇಳಿಯಲಿಲ್ಲ. ನೆಂಟರೆಲ್ಲ ನೋಡುತ್ತಿರುವಾಗ ಅದನ್ನು ಕತ್ತರಿಯಲ್ಲಿ ಸೀಳಿ ತೆಗೆದಿದ್ದರು. ಅವಳು ಹೊಲಿಗೆ ಕಲಿತದ್ದೇ ಆ ಮೇಲೆ. ತೋಳಿಗೆ ಜಾಗ ಬಿಡುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎಂದು ಗಿರಾಕಿಗಳು ದೂರದಿಂದ ಬರುತ್ತಿದ್ದರು. ಬಟ್ಟೆ ಮೈಗೆ ಸರಿಯಿಲ್ಲ ಅನ್ನಬೇಕು, ಮೈ ಬಟ್ಟೆಗೆ ಸರಿಯಿಲ್ಲ ಅನ್ನಬಾರದು ಎಂಬುದು ಅವಳ ಅಂಗಡಿಯ ಮಾತು.

ಆ ಮಧ್ಯಾಹ್ನ ಅವಳು ಎರಡೂ ತೋಳಿನ ಹೊಲಿಗೆ ಬಿಚ್ಚಿ, ಒಳಗೆ ಬೆರಳಗಲದ ಜಗ್ಗುವ ಪಟ್ಟಿ ಸೇರಿಸಿ, ಮತ್ತೆ ಹೊಲಿದಳು. ದಾರದ ಬಣ್ಣ ಕೂಡ ಹೊಂದಿಸಿದಳು. ಸಂಜೆ ತೊಡಿಸಿದಾಗ ಮಗಳು ಉಸಿರು ಬಿಟ್ಟು, ಇವತ್ತು ಯಾಕೋ ಹಾಯಾಗಿದೆ ಎಂದಳು. ಮಾರನೆಯ ದಿನ ಜಾಕೆಟ್ ಬದಲಿಸುವ ಹೊತ್ತಿಗೆ ಇದೇ ಇರಲಿ ಅಮ್ಮ ಎಂದಳು. ಟೈಲರಮ್ಮ ಹೂಂ ಅಂದಳು. ಬಹಳ ದಿನಗಳ ಮೇಲೆ ಅವಳಿಗೂ ಚೆನ್ನಾಗಿ ನಿದ್ದೆ ಬಂತು.

ಆ ನೆಮ್ಮದಿ ನಾಲ್ಕು ದಿನ ಬಾಳಲಿಲ್ಲ. ಮೊದಲು ಮೊಣಕೈ ಮೇಲೆ ಭಾರ ಎಂದಳು. ಆಮೇಲೆ ತೋಳಿನ ಹಿಂಭಾಗ ನೀರು ತುಂಬಿದ ಚೀಲದಂತೆ ಜೋತಿತು, ಮುಟ್ಟಿದರೆ ಒಳಗೆ ತುಳುಕಿದಂತಾಯಿತು. ಅಳಿಯ ವ್ಯಾನನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿ ಫೋನ್ ಮಾಡಿ ನರ್ಸನ್ನು ಕರೆಸಿದ. ಅವಳು ಬರುವವರೆಗೂ ಟೈಲರಮ್ಮ, ತಾನು ಸೇರಿಸಿದ ಪಟ್ಟಿಗೂ ಈ ಊತಕ್ಕೂ ಸಂಬಂಧ ಇರಲಾರದು ಎಂದು ತನಗೆ ತಾನೇ ಹೇಳಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಇನ್ನೂ ಯಾರೂ ಕಳ್ಳ ಎಂದೇ ಇರಲಿಲ್ಲ, ಅವಳ ಕೈ ಆಗಲೇ ಹೆಗಲ ಮೇಲಿತ್ತು.

ನರ್ಸ್ ತೋಳನ್ನು ಒತ್ತಿ ನೋಡಿದಳು. ಜಾಕೆಟ್ ಬಿಡದೆ ಹಾಕಿದ್ದೀರಾ ಎಂದು ಕೇಳಿದಳು. ಒಂದು ಗಳಿಗೆಯೂ ತೆಗೆದಿಲ್ಲ ಎಂದಳು ಮಗಳು, ಅದು ನಿಜವೂ ಆಗಿತ್ತು. ನರ್ಸ್ ಜಾಕೆಟ್ಟಿನ ಅಂಚು, ಜಿಪ್ಪು, ಹೊಲಿಗೆ ಎಲ್ಲ ನೋಡಿದಳು. ಟೈಲರಮ್ಮನ ಕೈಗೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವಳ ಕಣ್ಣಿಗೆ ಏನೂ ಬೀಳಲಿಲ್ಲ. ಜಾಕೆಟ್ ಸರಿಯಾಗಿಯೇ ಇದೆ, ಕೆಲವರ ತೋಳೇ ಹಾಗೆ, ನೀರು ನಿಲ್ಲುತ್ತದೆ, ಡಾಕ್ಟರ ಹತ್ತಿರ ಮಾತಾಡುತ್ತೇನೆ, ಸೂಜಿ ಹಾಕಿ ತೆಗೆಯಬೇಕಾಗಬಹುದು, ಮುಂದೆ ಏನಾಗುತ್ತದೋ ನೋಡೋಣ ಎಂದು ಫೋನ್ ಕೈಗೆ ತೆಗೆದುಕೊಂಡಳು.

ಮಗಳು ಅಳಲಿಲ್ಲ. ಇಳಿಜಾರು ದಿಂಬಿನ ಮೇಲೆ ಚಾಚಿದ ತನ್ನ ತೋಳನ್ನೇ ನೋಡುತ್ತ, "ನನ್ನ ತೋಳೇ ಸರಿಯಿಲ್ಲ ಬಿಡಿ. ಇದನ್ನ ಯಾರ ಕೈಲೂ ಸರಿಮಾಡೋಕಾಗಲ್ಲ" ಅಂದಳು.

ಈ ಮಾತು ಟೈಲರಮ್ಮನಿಗೆ ಹೊಸದಲ್ಲ. ಅವಳ ಅಮ್ಮ ಹೇಳಿದ್ದಳು, ಅವಳು ಕನ್ನಡಿಯ ಮುಂದೆ ಹೇಳಿಕೊಂಡಿದ್ದಳು. ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ, ತಪ್ಪು ಮತ್ತೆ ತೋಳಿನ ಮೇಲೆಯೇ ಬೀಳುತ್ತದೆ. ಮಂಚದ ಕಟ್ಟನ್ನು ಹಿಡಿದುಕೊಂಡಳು.

"ಅವಳ ತೋಳಲ್ಲಿ ತಪ್ಪಿಲ್ಲ ನರ್ಸಮ್ಮ. ತಪ್ಪು ಆ ಬಟ್ಟೇಲಿದೆ. ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದು ನಾನೇ."

ನರ್ಸ್ ಜಾಕೆಟ್ಟನ್ನು ಬಿಚ್ಚಿ ತೋಳನ್ನು ಒಳಮಗ್ಗುಲು ಹೊರಗೆ ಮಾಡಿ, ಟೈಲರಮ್ಮ ಬೆರಳಿಟ್ಟು ತೋರಿಸಿದ ಮೇಲಷ್ಟೇ ಆ ಪಟ್ಟಿಯನ್ನು ಕಂಡಳು. ಬೈಯುವುದಕ್ಕೆ ಬಾಯಿ ತೆರೆದವಳು ಅವಳ ಮುಖ ನೋಡಿ ಬೇರೆ ಮಾತಾಡಿದಳು. ಒಳಗೆ ಖಾಲಿಯಾದ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ, ಹೊರಗಿನಿಂದ ಒತ್ತಿ ಹಿಡಿದರೆ ಮಾತ್ರ ಚರ್ಮ ಒಳಗಿನ ಮಾಂಸಕ್ಕೆ ಕೂಡಿಕೊಳ್ಳುತ್ತದೆ, ಈ ಬಿಗಿ ಶಿಕ್ಷೆಯಲ್ಲ ಎಂದು ವಿವರಿಸಿದಳು. ಕೊನೆಗೆ, "ನಿಮ್ಮ ಅಂಗಡೀಲಿ ಸಡಿಲ ಬಿಡಿ ಅಮ್ಮ, ಇಲ್ಲಿ ಬೇಡ" ಎಂದಳು. ಮುಟ್ಟದ ಇನ್ನೊಂದು ಜಾಕೆಟ್ಟನ್ನು ಅವಳೇ ತೊಡಿಸಿದಳು. ಮಗಳು ಹಲ್ಲು ಕಚ್ಚಿ ತಡೆದುಕೊಂಡಳು.

ಆಮೇಲೆ ಕೆಲವು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗಳು ತನ್ನ ಕೆಲಸಕ್ಕೆಲ್ಲ ಗಂಡನನ್ನೇ ಕರೆಯುತ್ತಿದ್ದಳು. ಆತ ವ್ಯಾನ್ ತೆಗೆದುಕೊಂಡು ಹೋದ ಮೇಲೆ ಸ್ಟ್ರಾ ಬಾಯಿಗೆ ಎಟುಕದಿದ್ದರೂ ಅಮ್ಮ ಅನ್ನುತ್ತಿರಲಿಲ್ಲ. ಟೈಲರಮ್ಮನೇ ಹೋಗಿ ಲೋಟ ಸರಿಸಿಟ್ಟು ಬರುತ್ತಿದ್ದಳು. ಉಳಿದದ್ದು ಒಂದೇ ಜಾಕೆಟ್ಟಾದ್ದರಿಂದ ಅದನ್ನು ತೊಳೆದು ಬೇಗ ಒಣಗಿಸಬೇಕಿತ್ತು. ಮಗಳು ತೋಳಿಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿರುವಷ್ಟು ಹೊತ್ತೂ ಟೈಲರಮ್ಮ ಅದನ್ನು ಟವೆಲಿನಲ್ಲಿ ಹಿಂಡಿ, ಫ್ಯಾನಿನ ಮುಂದೆ ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಅವಳ ತೋಳೂ ನೋಯುತ್ತಿತ್ತು. ನೋಯಲಿ ಎಂದು ನಿಂತಳು.

ಒಂದು ದಿನ ಹಾಗೆ ನಿಂತಿದ್ದಾಗ ಮಗಳು ಮಂಚದಿಂದಲೇ ನೋಡುತ್ತ, "ಕುರ್ಚಿಗೆ ಹಾಕಿದ್ರೆ ಒಣಗಲ್ವಾ?" ಎಂದಳು.

"ಕುರ್ಚಿ ಮೇಲೆ ನಂಗೆ ನಂಬಿಕೆ ಇಲ್ಲ" ಅಂದಳು ಟೈಲರಮ್ಮ.

"ನಿನ್ನ ಮೇಲೆ ಆ ಕುರ್ಚಿಗೂ ನಂಬಿಕೆ ಇರ್ಲಿಕ್ಕಿಲ್ಲ. ಅದರ ಹೊಲಿಗೆನೂ ಬಿಚ್ಚಿಬಿಟ್ಟೀಯ."

ಟೈಲರಮ್ಮ ತಿರುಗಿ ನೋಡಿದಳು. ಮಗಳು ನಗು ತಡೆಯಲು ಹೋಗಿ ತೋಳು ಕುಲುಕಿ ನೋವಾಗಿ, ಅಯ್ಯೋ ಎನ್ನುತ್ತಲೇ ನಕ್ಕಳು. ಟೈಲರಮ್ಮನಿಗೆ ಅಳು ಬಂತು. ಒದ್ದೆ ಜಾಕೆಟ್ಟಿನಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ಅದು ಇನ್ನಷ್ಟು ಒದ್ದೆಯಾದೀತೆಂದು ಸೆರಗಿಗೆ ತಡಕಾಡಿದಳು.

ಡಾಕ್ಟರು ಒಂದು ಸಲ ಸೂಜಿಯಿಂದ ನೀರು ತೆಗೆದರು. ಇನ್ನೊಂದು ಸಲ ತೆಗೆಯುವ ಪ್ರಮೇಯ ಬರಲಿಲ್ಲ. ಊತ ದಿನದಿಂದ ದಿನಕ್ಕೆ ಇಳಿಯಿತು, ನೀಲಿ ಹೋಗಿ ಹಳದಿಯಾಯಿತು, ಹಳದಿ ಹೋಗಿ ಚರ್ಮದ ಬಣ್ಣ ಬಂತು. ಮಗಳು ಮೊದಲು ಲೋಟ ಎತ್ತಿದಳು, ಆಮೇಲೆ ಉದ್ದ ಬಾಚಣಿಗೆಯನ್ನು ಬಿಟ್ಟು ಮಾಮೂಲಿ ಬಾಚಣಿಗೆ ಹಿಡಿದಳು. ಬೆನ್ನು ಕೆರೆಯುವ ಕೋಲು ಆತ ಅಂದಂತೆಯೇ ಅಳಿಯನ ಪಾಲಾಯಿತು. ಮುಂದಿನ ತಿಂಗಳಿಂದ ಅರ್ಧ ದಿನ ಬರಬಹುದು ಎಂದು ಪಾರ್ಲರಿನ ಒಡತಿ ಫೋನ್ ಮಾಡಿದ ದಿನ ಮಗಳು ತನ್ನ ಕತ್ತರಿಗಳನ್ನೆಲ್ಲ ತೆಗೆದು ಎಣ್ಣೆ ಹಾಕಿದಳು. ಆ ಹೊತ್ತಿಗೆ ಬಿಗಿ ಜಾಕೆಟ್ಟೇ ಸಡಿಲವಾಗತೊಡಗಿತ್ತು. ನರ್ಸ್ ನೋಡಿ, ಇನ್ನು ಸಣ್ಣ ಅಳತೆಯದು ಮಾಡಿಸಬೇಕು ಎಂದಳು. ಟೇಪು ತರಲು ಮರೆತಿದ್ದಳು, ಅಥವಾ ಮರೆತೆ ಎಂದಳು. ಟೈಲರಮ್ಮನ ಕಡೆ ತಿರುಗಿ, ನೀವೇ ಅಳತೆ ತೆಗೆದು ಕಳಿಸಿ, ಒಂದು ಎಳೆಯೂ ಹೆಚ್ಚು ಬೇಡ ಎಂದು ಹೇಳಿ ಹೋದಳು.

ಅಂಗಡಿಯ ಕೋಣೆಯಲ್ಲಿ ಮಗಳು ಗಿರಾಕಿಯಂತೆ ನಿಂತಳು. ಟೈಲರಮ್ಮ ಕೊರಳಿನಿಂದ ಟೇಪು ಇಳಿಸಿ ಮಣಿಕಟ್ಟಿನಿಂದ ಶುರು ಮಾಡಿದಳು. ಸಡಿಲ ಬಿಡುವ ಅಭ್ಯಾಸಬಲದಿಂದ ಬೆರಳು ಟೇಪಿನ ಒಳಗೆ ನುಸುಳಲು ನೋಡಿತು, ಅದನ್ನು ಹಿಂದಕ್ಕೆ ತೆಗೆದಳು. ಮೊಣಕೈ, ಅದರ ಮೇಲೆ, ಕಂಕುಳಿನ ಹತ್ತಿರ. ಕೈ ಎತ್ತು ಅಂದಾಗ ಮಗಳು ಎರಡೂ ಕೈ ಎತ್ತಿದಳು, ಕಿವಿಗೆ ತಾಗುವಷ್ಟು. ಅಂಕಿಗಳನ್ನು ಬರೆದು ಮುಗಿಸಿ ಟೈಲರಮ್ಮ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು.

"ನಿಂದೆಷ್ಟು?" ಎಂದಳು ಮಗಳು.

ತನ್ನದು ಕಣ್ಣಂದಾಜು, ಯಾವತ್ತೂ ಅಳೆದಿಲ್ಲ, ಸ್ವಲ್ಪ ಹೆಚ್ಚೇ ಬಿಟ್ಟು ಕತ್ತರಿಸಿಕೊಳ್ಳುತ್ತೇನೆ ಎಂದಳು ಟೈಲರಮ್ಮ. ಮಗಳು ಟೇಪನ್ನು ಅವಳ ಕೈಯಿಂದ ತೆಗೆದುಕೊಂಡಳು. ಡಾಕ್ಟರು ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬಾ ಅಂದಿದ್ದಾರೆ, ನೋಡಿಸಿದರೆ ಗಂಟೇನು ಹೋಗುತ್ತದೆ ಎಂದಳು. ಈ ವಯಸ್ಸಿನಲ್ಲಿ ಯಾರಿಗೆ ಬೇಕು ಎಂದು ಟೈಲರಮ್ಮ ಗೊಣಗಿದಳು. ಆದರೂ ರವಿಕೆಯ ಮಣಿಕಟ್ಟಿನ ಗುಂಡಿ ಬಿಚ್ಚಿದಳು. ಉದ್ದ ತೋಳನ್ನು ಮಡಚುತ್ತ ಮಡಚುತ್ತ ಭುಜದವರೆಗೆ ಏರಿಸಿದಳು. ತೆರೆದ ಕಿಟಕಿಯ ಗಾಳಿ ಆ ಚರ್ಮಕ್ಕೆ ತಾಗಿತು.

"ಕೈ ಎತ್ತು" ಎಂದಳು ಮಗಳು.

ಟೈಲರಮ್ಮ ಎತ್ತಿದಳು. ಮಗಳ ಕೈಗಳೂ ಅಷ್ಟೇ ಎತ್ತರಕ್ಕೆ ಬಂದು, ಟೇಪಿನ ತಣ್ಣನೆಯ ತಗಡಿನ ತುದಿ ಅವಳ ತೋಳನ್ನು ಸುತ್ತಿ ಬಂತು. ನೋವಾಗದಿರಲೆಂದು ಮಗಳು ಸ್ವಲ್ಪ ಸಡಿಲ ಹಿಡಿದಿದ್ದಳು.

"ಇನ್ನೂ ಎಳಿ" ಎಂದಳು ಟೈಲರಮ್ಮ. "ಇದ್ದಷ್ಟೇ ಬರ್ಕೋ."