ಎಂದೂ ಕೂಡದ ಎರಡು ವಿಳಾಸಗಳು

ಕಚೇರಿಯ ಹಿರಿಯ ಲಮೀನ್, ನಮ್ಮ ಬಾಯಲ್ಲಿ ಗೌರವದ ‘ಸಿ ಲಮೀನ್’, ಕೈಯಾರೆ ಬರೆದದ್ದಕ್ಕೆ ತೊಂಬತ್ತಾರು ಬಡಿತ, ನನ್ನ ಕಂಪೈಲರ್ ಬರೆದದ್ದಕ್ಕೆ ನೂರ ಮೂವತ್ತೊಂದು. ಬಡಿತ ಕಡಿಮೆಯಾದಷ್ಟೂ ವೇಗ ಹೆಚ್ಚು, ಚಿಪ್ಪಿನ ಗಡಿಯಾರಕ್ಕೆ ಮುಲಾಜಿಲ್ಲ.

ನಮ್ಮ ಗಿರಾಕಿ ಮಾದಾಮ್ ಜೌಹರಾ ಶ್ರವಣಯಂತ್ರ ಮಾಡಿಸುವವರು. ಅದರೊಳಗಿನ ಚಿಪ್ಪಿಗೆ ಬೇಕಾದ ಯಂತ್ರಭಾಷೆಯನ್ನು ನನ್ನ ಕಂಪೈಲರ್ ತಾನೇ ಬರೆಯುತ್ತದೆ. ಅರಿಯಾನಾದ ಈ ಕಚೇರಿಯಲ್ಲಿ ಹನ್ನೊಂದು ವರ್ಷ ಕೂತು ಕಟ್ಟಿದ್ದೇನೆ. ಗುರುವಾರದೊಳಗೆ ನೂರು ಬಡಿತಕ್ಕಿಂತ ಕೆಳಗಿಳಿಯದಿದ್ದರೆ ಕಂಪೈಲರನ್ನು ಕಿತ್ತುಹಾಕಿ, ಎಲ್ಲವನ್ನೂ ಸಿ ಲಮೀನರಿಂದಲೇ ಬರೆಸುವುದಾಗಿ ಮಾದಾಮ್ ಹೇಳಿಬಿಟ್ಟಿದ್ದರು.

“ನಿನ್ನ ಕಂಪೈಲರ್ ಪುಕ್ಕಲು ಕಣಮ್ಮಾ ವಸೀಲಾ,” ಅಂದರು ಸಿ ಲಮೀನ್. “ಒಂದೇ ಮನೆ ಬಾಗಿಲನ್ನ ನೂರು ಸಲ ತಟ್ಟುತ್ತೆ.”

ಮಾತು ನಿಜವಾಗಿತ್ತು, ಅದಕ್ಕೇ ಮೈ ಉರಿಯಿತು. ಚಿಪ್ಪಿನ ನೆನಪಿನಲ್ಲಿ ಸಾಲು ಮನೆಗಳಿವೆ, ಪ್ರತಿ ಮನೆಗೂ ಒಂದು ವಿಳಾಸ. ಒಂದು ಕೈ ಎರಡೆರಡು ಮನೆ ದಾಟುತ್ತ ಶಬ್ದವನ್ನು ಬರೆಯುತ್ತದೆ, ಇನ್ನೊಂದು ಪಕ್ಕದ ಮನೆಯಿಂದ ಹೊರಟು ಹಾಗೇ ದಾಟುತ್ತ ಓದುತ್ತದೆ. ಎರಡೂ ಒಂದೇ ಮನೆಗೆ ಬಂದುಬಿಟ್ಟರೆ ಓದಿಟ್ಟುಕೊಂಡದ್ದು ಸುಳ್ಳಾಗಿ ಸದ್ದು ಕೆಡುತ್ತದೆ. ಆ ಭಯಕ್ಕೆ ಕಂಪೈಲರ್ ಒಮ್ಮೆ ಓದಿದ್ದನ್ನೇ ಮತ್ತೆ ಮತ್ತೆ ಓದಿಸುತ್ತಿತ್ತು. ನೇರ ಸಾಲಾದರೆ ಅದು ಸಲೀಸಾಗಿ ಲೆಕ್ಕ ಹಾಕೀತು. ಆದರೆ ಶಬ್ದದ ಮನೆಗಳು ಉಂಗುರದಂತಿವೆ, ಕೊನೆಯದು ಮುಗಿದರೆ ಮತ್ತೆ ಮೊದಲನೆಯದು. ಉಂಗುರ ಕಂಡರೆ “ಗೊತ್ತಿಲ್ಲ” ಅನ್ನು ಎಂದು ಅದಕ್ಕೆ ಕಲಿಸಿದವಳು ನಾನೇ. ಆಗ ಅವಸರ, ಆಮೇಲೆ ಮರೆವು.

ಬುಧವಾರ ಮಧ್ಯಾಹ್ನ ಎದುರಿನ ಲಬ್ಲಾಬಿ ಅಂಗಡಿಗೆ ಹೋದೆ. ಸಿಟ್ಟಿನಲ್ಲೇ ಒಣರೊಟ್ಟಿ ಮುರಿದು ಬಟ್ಟಲಿಗೆ ಹಾಕಿದೆ, ಅಂಗಡಿಯವನು ಬಿಸಿ ಕಡಲೆ ಸಾರು ಸುರಿದ. ತಿಂದ ಆಲಿವ್‌ಗಳ ಬೀಜಗಳನ್ನು ತಟ್ಟೆಯ ಅಂಚಿಗೆ ಸುತ್ತಲೂ ಇಟ್ಟೆ, ಹತ್ತು. ಅಕ್ಕಪಕ್ಕದ ಎರಡು ಬೀಜದ ಮೇಲೆ ಎರಡು ಬೆರಳಿಟ್ಟು ಎರಡೆರಡು ದಾಟಿಸಿದೆ. ಎಷ್ಟು ಸುತ್ತು ಹೊಡೆದರೂ ಒಂದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಒಂದು ಬೀಜ ತೆಗೆದೆ. ಎರಡನೇ ಸುತ್ತಿಗೇ ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗಿದರು.

ಥೂ, ಇಷ್ಟಕ್ಕೆ ಹನ್ನೊಂದು ವರ್ಷ ಬೇಕಿತ್ತೇ! ಹೆಜ್ಜೆಯ ಅಳತೆ ಸಾಲದು, ಉಂಗುರದ ಅಳತೆಯನ್ನೂ ನೋಡಬೇಕು. ಸಾರು ಅರ್ಧ ಬಿಟ್ಟು ಓಡಿದೆ. ಸಂಜೆಯೊಳಗೆ ಕಂಪೈಲರಿಗೆ ಅದನ್ನು ಕಲಿಸಿದ್ದಾಯಿತು. ನಮ್ಮ ಉಂಗುರದಲ್ಲಿದ್ದದ್ದು ಇನ್ನೂರ ನಲವತ್ತು ಮನೆ, ಆ ಹತ್ತು ಬೀಜಗಳ ಹಾಗೆ ಸಮಸಂಖ್ಯೆ.

ಗುರುವಾರ ಮಾದಾಮ್ ಎದುರಿಗೆ ಓಡಿಸಿದೆ. ತೊಂಬತ್ತನಾಲ್ಕು ಬಡಿತ.

ಸಿ ಲಮೀನ್ ಅಷ್ಟಕ್ಕೆ ಬಿಡುವವರಲ್ಲ. ಮುಂದೆ ಬರುವ ಹೊಸ ಚಿಪ್ಪಿನಲ್ಲಿ ಜಾಗ ಕಡಿಮೆ, ಇನ್ನೂರ ಇಪ್ಪತ್ತೈದೇ ಮನೆ, ಇಬ್ಬರೂ ಈಗಲೇ ಬದಲಿಸೋಣ, ಸೋತವರು ಗೆದ್ದವರ ಬಟ್ಟಲಿಗೆ ರೊಟ್ಟಿ ಮುರಿಯಬೇಕು ಎಂದರು. ಅದು ನಮ್ಮ ಕಚೇರಿಯ ಹಳೇ ಪಂದ್ಯ. ಎರಡೇ ನಿಮಿಷದಲ್ಲಿ ತಮ್ಮ ಬರಹದಲ್ಲಿ ಅಂಕಿ ತಿದ್ದಿ ಓಡಿಸಿದರು. ಸ್ಪೀಕರಿನಿಂದ ಕರಕರ ಸದ್ದು ಬಂತು. ಮಾದಾಮ್ ಕಿವಿ ಮುಚ್ಚಿಕೊಂಡರು.

ನನ್ನದು ಸ್ವಚ್ಛವಾಗಿ ಕೇಳಿಸಿತು, ಆದರೆ ಮತ್ತೆ ನೂರ ಮೂವತ್ತೊಂದು. ಅಷ್ಟರಲ್ಲಿ ತೆರೆಯ ಮೇಲೆ, ಹೆದರಿದರೆ ಕಾರಣ ಹೇಳು ಎಂದು ನಿನ್ನೆ ನಾನೇ ಕಂಪೈಲರಿಗೆ ಕಲಿಸಿದ್ದ ಸಾಲು ಮೂಡಿತು: ಇನ್ನೂರ ಇಪ್ಪತ್ತೈದರಲ್ಲಿ ಎರಡು ವಿಳಾಸ ಕೂಡುತ್ತವೆ, ಇನ್ನೂರ ಇಪ್ಪತ್ತನಾಲ್ಕರಲ್ಲಿ ಎಂದೂ ಕೂಡವು.

“ಒಂದು ಮನೆ ಹೋದ್ರೆ ಹೋಗ್ಲಿ, ಬಿಡಿ,” ಅಂದರು ಮಾದಾಮ್.

ಬಿಟ್ಟೆ. ತೊಂಬತ್ತನಾಲ್ಕು! ಇಷ್ಟು ಕರಾರುವಾಕ್ಕಾಗಿ ಹೆದರುವ ಯಂತ್ರವನ್ನು ತಾನು ಬಿಡುವುದಿಲ್ಲ ಎಂದು ಮಾದಾಮ್ ಹೊಸ ಚಿಪ್ಪಿನ ಕೆಲಸವನ್ನೂ ನನಗೇ ಒಪ್ಪಿಸಿದರು. ಕುಣಿಯಬೇಕೆನಿಸಿತು, ಕುಣಿದೆ ಕೂಡ.

ಸಿ ಲಮೀನ್ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಲಬ್ಲಾಬಿ ಅಂಗಡಿಯಲ್ಲಿ ಅಂಗಿಯ ತೋಳು ಮಡಚಿ ಕೂತು, ನನ್ನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು ರೊಟ್ಟಿ ಮುರಿಯತೊಡಗಿದರು.

“ಇನ್ನೂ ಸಣ್ಣಗೆ ಮುರೀರಿ,” ಅಂದೆ ನಾನು.

ಅವರು ಸಣ್ಣಗೆ ಮುರಿದರು.