ಒಳಗೆ ಬಿಟ್ಟವನು

“ಬೋಳಿಮಗನೆ, ಮಾರ್ಬಲ್ ಮೇಲೆ ಬೂಟು ಹಾಕಿ ಬಂದದ್ದಾ? ಕಣ್ಣು ಕಾಣುದಿಲ್ವಾ ನಿಂಗೆ?”

ಸೂಪರ್‌ವೈಸರ್ ನಾರ್ಬರ್ಟ್, ಎ.ಸಿ. ತೊಳೆಯುತ್ತಿದ್ದ ಚಾಮರಾಜನನ್ನು ಏಣಿಯಿಂದ ಕೆಳಗೆಳೆದ. ಎ.ಸಿ.ಯ ಕೊಳೆನೀರು ಮೈಮೇಲೆ ಚೆಲ್ಲಿತು.

ಅದು ತೊಂಬತ್ತೆಂಟರ ಬೇಸಿಗೆ. ಅಬುಧಾಬಿಯ ಖಾಲಿದಿಯಾದ ಆ ವಿಲ್ಲಾದಲ್ಲಿದ್ದವನು ದಾರೋ. ಝರ್ವಾನಿಯಾ ದೇಶದ ಪ್ರಧಾನಿಯಾಗಿದ್ದವನು; ಸೈನ್ಯ ಅವನನ್ನು ದೇಶದಿಂದ ಓಡಿಸಿದ ಮೇಲೆ ಇಲ್ಲಿಗೆ ಬಂದಿದ್ದ. ಗದ್ದಲಕ್ಕೆ ಆ ಮುದುಕ ಹೊರಬಂದ. ಏಣಿಯನ್ನು ತಾನೇ ಎತ್ತಿ ನಿಲ್ಲಿಸಿ, ಕೆಲಸ ಮುಗಿಯುವವರೆಗೂ ಹಿಡಿದುಕೊಂಡು ನಿಂತ. ಚಾಮರಾಜ ರಾಯಚೂರು ಬಿಟ್ಟು ಆರು ವರ್ಷವಾಗಿತ್ತು. ಅವನ ಏಣಿಯನ್ನು ಇದುವರೆಗೆ ಯಾರೂ ಹಿಡಿದಿರಲಿಲ್ಲ.

ಮುಂದಿನ ತಿಂಗಳು ಚಾಮರಾಜ ಮತ್ತೆ ಅದೇ ವಿಲ್ಲಾಕ್ಕೆ ಹೊರಟಾಗ, ನಾರ್ಬರ್ಟ್ ಇಬ್ಬರು ಹೊಸಬರಿಗೆ ಕಂಪನಿಯ ಸಮವಸ್ತ್ರ ತೊಡಿಸಿ ಮಮ್ಮು ಓಡಿಸುವ ವ್ಯಾನು ಹತ್ತಿಸಿದ.

“ವಾಚ್‌ಮನ್ ಕೇಳಿದ್ರೆ ನಮ್ಮವರು ಅನ್ನು. ಜಾಸ್ತಿ ಮಾತಾಡಿದ್ಯೋ, ವೀಸಾ ಖಲಾಸ್.”

ಚಾಮರಾಜನ ಪಾಸ್‌ಪೋರ್ಟು ನಾರ್ಬರ್ಟ್‌ನ ಬಳಿಯೇ ಇತ್ತು. ಊರಲ್ಲಿ ಅವ್ವನಿಗೆ ಕಣ್ಣು ಮಂಜಾಗುತ್ತಿತ್ತು. ಮೂರು ಸಲ ಕೇಳಿದರೂ ರಜೆ ಸಿಕ್ಕಿರಲಿಲ್ಲ.

ದಾರಿಯಲ್ಲಿ ಹೊಸಬರಲ್ಲೊಬ್ಬ ಎ.ಸಿ.ಯ ಫಿಲ್ಟರನ್ನು ಏನೆಂದು ತಿಳಿಯದೆ ತಿರುವಿ ತಿರುವಿ ನೋಡಿದ. ಇವರು ಈ ಕೆಲಸದವರಲ್ಲ ಎಂದು ಚಾಮರಾಜನಿಗೆ ಆಗಲೇ ಗೊತ್ತಾಯಿತು. ಆದರೂ ಗೇಟಿನಲ್ಲಿ ಹೇಳಬೇಕಾದ್ದನ್ನು ಹೇಳಿದ.

ಅವನು ತಾರಸಿಯಲ್ಲಿದ್ದಾಗ ಕೆಳಗೆ ಎರಡು ಗುಂಡು ಹಾರಿದವು. ಇಳಿದು ಬಂದಾಗ ದಾರೋ ನೆಲದ ಮೇಲೆ ಸತ್ತು ಬಿದ್ದಿದ್ದ. ಹಿಂಬಾಗಿಲು ತೆರೆದಿತ್ತು; ಹೊಸಬರಿಬ್ಬರೂ ಇರಲಿಲ್ಲ.

ಪೊಲೀಸರು ಹಿಡಿದದ್ದು ವ್ಯಾನಿನ ಡ್ರೈವರ್ ಮಮ್ಮುವನ್ನು. ಆ ಹೊಸಬರನ್ನು ದಾರಿಯಲ್ಲಿ ಹತ್ತಿಸಿಕೊಂಡವನು ಅವನೇ ಎಂದು ನಾರ್ಬರ್ಟ್ ಹೇಳಿದ್ದ. ಚಾಮರಾಜ, ತಾನು ಮೇಲಿದ್ದೆ, ಏನೂ ಗೊತ್ತಿಲ್ಲ ಎಂದ. ತಾನೂ ಮಮ್ಮುವೂ ಇರುತ್ತಿದ್ದ ಕಾರ್ಮಿಕರ ಕ್ಯಾಂಪಿನ ಹಗ್ಗದ ಮೇಲೆ ಅವನ ಲುಂಗಿ ದಿನವೂ ಕಣ್ಣಿಗೆ ಬೀಳುತ್ತಿತ್ತು. ಮುಟ್ಟಲು ಕೈ ಬರಲಿಲ್ಲ.

ಎಂಟನೇ ದಿನ ಉಳ್ಳಾಲದಿಂದ ಮಮ್ಮುವಿನ ಹೆಂಡತಿ ನಫೀಸಳ ಫೋನು ಬಂತು.

“ಅಣ್ಣ, ಅವರಿಗೆ ಎಂತಾಗಿದೆ? ನೀವು ಒಟ್ಟಿಗೇ ಇದ್ದದ್ದಲ್ವಾ?”

“ಏನೂ ಆಗಿಲ್ಲ ತಂಗಿ, ಬರ್ತಾನ.” ಎಂದವನೇ ಚಾಮರಾಜ ಫೋನು ಇಟ್ಟ.

ಮರುದಿನ ನಾರ್ಬರ್ಟ್ ಪಾಸ್‌ಪೋರ್ಟನ್ನೂ ಟಿಕೆಟನ್ನೂ ಅವನ ಮುಂದೆ ಎಸೆದ. “ಅವರನ್ನು ಕರ್ಕೊಂಡು ಬಂದದ್ದು ಮಮ್ಮು ಅಂತ ಪೊಲೀಸರಿಗೆ ಹೇಳು. ಸಂಜೆ ವಿಮಾನ ಹತ್ತು. ಯಲ್ಲಾ, ಹೊರಡು.”

ಠಾಣೆಗೆ ನಾರ್ಬರ್ಟ್ ಜೊತೆಗೇ ಬಂದ; ಆ ಇಬ್ಬರನ್ನು ಕರೆತಂದದ್ದು ಯಾರೆಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ. ಚಾಮರಾಜ ನಾರ್ಬರ್ಟ್‌ನತ್ತ ಬೆರಳು ತೋರಿಸಿ, ಕಳಿಸಿದವನು ಇವನು, ಒಳಗೆ ಬಿಟ್ಟವನು ನಾನು ಎಂದ. ನಾರ್ಬರ್ಟ್ ಹಾರಿ ಅವನ ಅಂಗಿ ಹಿಡಿದ. ಈ ಸಲ ಚಾಮರಾಜ ಆ ಕೈಯನ್ನು ಕಿತ್ತೆಸೆದ.

“ಮುಟ್ಟಬ್ಯಾಡಲೇ, ಸೂಳೆಮಗನ!”

ಇಬ್ಬರನ್ನೂ ಬೇರೆ ಬೇರೆ ಕಡೆ ಕರೆದೊಯ್ದರು. ಚಾಮರಾಜನನ್ನು ಕೂರಿಸಿದ ಕೋಣೆಯ ಬೆಂಚಿನ ಮೇಲೆ ಮಮ್ಮು ಇದ್ದ. ಗಡ್ಡ ಬೆಳೆದಿತ್ತು.

“ನಿನ್ನನ್ನೂ ಹಿಡಿದ್ರಾ ಮಾರಾಯ?”

“ಇಲ್ಲೋ. ನಾನಾಗೇ ಬಂದೀನಿ.”

ಚಾಮರಾಜ ನಡೆದದ್ದನ್ನೆಲ್ಲ ಹೇಳಿದ. ಮಮ್ಮು ಅಡ್ಡಮಾತಾಡದೆ ಕೇಳಿದ.

“ಒಂಬತ್ತು ದಿನ ಬೇಕಾಯ್ತಾ ನಿಂಗೆ?” ಎಂದು ಗೋಡೆಯತ್ತ ತಿರುಗಿ ಕೂತ.