ಬೆಂಕಿ ನಂದಿಸಿದ ಗುಡ್ಡ

ಮತ್ತೆ ಕೆಸರು ನೀರು, ಬೂಟಿನ ಮೇಲೇ ಹರಿಯುತ್ತಿದೆ, ಮಳೆ ಬಂದದ್ದು ಬರೀ ಕಾಲು ಗಂಟೆ, ಅಷ್ಟಕ್ಕೇ ಗುಡ್ಡ ಕರಗಿ ಹೊರಟಿದೆ — ಹೋಗು, ಎಲ್ಲ ಹೋಗಲಿ, ಮಯಾಲೆನ್ ಹಲ್ಲು ಕಡಿದಳು, ಮರ ಕೊಯ್ಯುವ ಮಷೀನು ಹೆಗಲ ಮೇಲೆ ಭಾರವಾಗಿದೆ, ಇಳಿಸಿದರೆ ಅದೂ ಕೊಚ್ಚಿ ಹೋದೀತು. ಸುತ್ತ ಜೂನಿಪರ್ ಮರಗಳು, ನಡುವೆ ಬೋಳು ನೆಲ, ಒಂದು ಹಿಡಿ ಹುಲ್ಲಿಲ್ಲ, ಹುಲ್ಲಿನ ಪಾಲಿನ ನೀರನ್ನೆಲ್ಲ ಬೇರು ಚಾಚಿ ಕುಡಿದು ಕೂತಿವೆ ದರಿದ್ರದವು, ಹುಲ್ಲಿಲ್ಲದ ಮೇಲೆ ಮಣ್ಣನ್ನು ಹಿಡಿಯುವವರು ಯಾರು, ಒರತೆ ಬೇಸಿಗೆ ಶುರುವಾಗುವ ಜೂನ್‌ಗೇ ಬತ್ತಿತು, ಕುರಿಗಳು ಮರಿ ಹಾಕುವುದು ಇದೇ ಇಳಿಜಾರಿನಲ್ಲಿ, ಇನ್ನೆರಡು ವರ್ಷಕ್ಕೆ ಬರೀ ಕಲ್ಲಿನ ಮೇಲೆ ಹಾಕಬೇಕು, ಆಮೇಲೆ ಮಂದೆಯೇ ಇಲ್ಲ. ತಮ್ಮ ಪೇಯೋಗೆ ಹೇಳಿದರೆ, ಬೆಳಿಗ್ಗೆ ಕಾಫಿಯಲ್ಲಿ ಬ್ರೆಡ್ ಅದ್ದುತ್ತಾ, ಮರ ಕಡಿದ್ರೆ ಮಣ್ಣು ಕೊಚ್ಕೊಂಡು ಹೋಗುತ್ತೆ ಅಕ್ಕ, ಸ್ಕೂಲ್ ಮಕ್ಳಿಗೂ ಗೊತ್ತು. ಸ್ಕೂಲ್ ಮಕ್ಕಳಿಗೆ! ಕುರ್ಚಿ ಬಿಟ್ಟು ಎದ್ದು ಬಂದು ನೋಡೋ ಪಂಡಿತ, ಮರ ಇದ್ದೂ ಹೋಗ್ತಾ ಇದೆಯಲ್ಲೋ. ಅದಕ್ಕೂ ಬಾಯಿ ಮುಚ್ಚಲಿಲ್ಲ, ಅಪ್ಪ ಒಂದು ಮರಾನೂ ಮುಟ್ಲಿಲ್ಲ, ಕಾಪಾಡ್ಕೊಂಡು ಬಂದ್ರು, ನೀನ್ಯಾವ ಲೆಕ್ಕ.

ಹೌದು, ಕಾಪಾಡಿದರು, ಸಿಡಿಲು ಬಿದ್ದು ಹೊಗೆ ಎದ್ದರೆ ತಟ್ಟೆ ಬಿಟ್ಟು ಓಡುವ ಮನೆ, ಬೇಸಿಗೆಯುದ್ದಕ್ಕೂ ಅಪ್ಪನ ಕುದುರೆಯ ಜೀನಿಗೆ ಗೋಣಿಚೀಲ ಕಟ್ಟಿಯೇ ಇರುತ್ತಿತ್ತು, ಒದ್ದೆ ಮಾಡಿ ಬಡಿಯುವುದು, ಬೆಂಕಿ ನಂದಿಸಿದವರಿಗೇ ಆ ದಿನ ಕುರಿ ಸಾರಿನ ಮೊದಲ ಸೌಟು, ಆ ಸೌಟಿಗಾಗಿ ಎಷ್ಟು ಜಗಳ — ಆ ಸಣ್ಣ ಬೆಂಕಿಗಳೇ ಮರಿ ಜೂನಿಪರ್‌ಗಳನ್ನು ಸುಟ್ಟು ಗುಡ್ಡವನ್ನು ಹುಲ್ಲಿಗೆ ಬಿಡುತ್ತಿದ್ದವು, ಬೇರು ಉಳಿದ ಹುಲ್ಲು ವಸಂತಕ್ಕೆ ಮತ್ತೆ ಚಿಗುರುತ್ತಿತ್ತು, ಯಾರೂ ಹೇಳಲಿಲ್ಲ, ಹೇಳಿದ್ದರೆ ಅಪ್ಪ ಕೇಳುತ್ತಿದ್ದರೇ? ಸಿಟ್ಟು ಅಪ್ಪನ ಮೇಲೆ, ಸತ್ತವರ ಮೇಲೆ ಎಂಥ ಸಿಟ್ಟು, ಪೇಯೋ ಮೇಲೆ, ಅವನಾಗ ಹುಟ್ಟಿಯೇ ಇರಲಿಲ್ಲ. ಎಳೆ ಮಷೀನಿನ ಹಗ್ಗ, ಅದು ಕೆಮ್ಮಿತು, ಮತ್ತೆ ಎಳೆ, ಈ ದಪ್ಪದ ಮರಕ್ಕೆ ಎಷ್ಟು ವರ್ಷ, ನಲವತ್ತಾದರೂ — ನಲವತ್ತು. ಆಗ ಅವಳಿಗೆ ಒಂಬತ್ತು. ಈ ಗುಡ್ಡವೇ. ಅಪ್ಪ ಆಚೆ ದಿಣ್ಣೆಯಲ್ಲಿದ್ದರು, ಇಲ್ಲಿ ಇದ್ದದ್ದು ಅವಳೊಬ್ಬಳೇ, ಬೆಂಕಿ ಹುಲ್ಲಿನಲ್ಲಿ ಹರಿದು ಬಂತು, ಜೂನಿಪರ್ ಸಸಿಗಳು ಆಗ ಮೊಣಕಾಲೆತ್ತರ, ರಾತ್ರಿ ಊಟಕ್ಕೆ ಅಪ್ಪ, ಭೇಷ್ ಮಗಳೇ, ಮೊದಲ ಸೌಟು ನಿಂದೇ — ಇವತ್ತು ಯಾರನ್ನು ಬೈಯುವುದು, ಕಾಲಡಿಯ ಮಣ್ಣು ಜಾರುತ್ತಿದೆ, ಬೈಯುವುದಕ್ಕೆ ಯಾರೂ ಉಳಿದಿಲ್ಲ, ಬರೀ ಆ ಸಸಿ, ತುದಿಯಲ್ಲಿ ಬೆಂಕಿ ಹತ್ತಿದ ಒಂದು ಸಸಿ, ಅದರ ಮೇಲೆ ಅವಳು ಒದ್ದೆ ಗೋಣಿ ಬಡಿಯುತ್ತಿದ್ದಾಳೆ, ಬಡಿಯುತ್ತಿದ್ದಾಳೆ, ಗೋಣಿ ಎತ್ತಿದರೆ ಕೆಳಗೆ ಅದು ಹಸಿರಾಗಿ ನಿಂತಿದೆ.